ಕಾಂತದ ಸುತ್ತ ಕಾಣುವ ಗೆರೆಗಳು ನಿಜವಾಗಿಯೂ ಇವೆಯಾ?

ಕಾಂತಕ್ಷೇತ್ರ ರೇಖೆಗಳು ನಿಜವಾಗಿ ಇರುತ್ತವಾ, ಯಾಕೆ ಅವು ಒಂದನ್ನೊಂದು ಕತ್ತರಿಸುವುದಿಲ್ಲ ಅಂತ ಕೇಳಿದ್ದೀರಿ. ಇರುವುದು ಕ್ಷೇತ್ರ, ಅಂದರೆ ಕಾಂತದ ಬಲ ತಾಕುವ ಸುತ್ತಲಿನ ಜಾಗ; ಗೆರೆ ನಾವು ಎಳೆದುಕೊಂಡಿದ್ದು. ಇದೊಂದು ತಲೆಗೆ ಹೋದರೆ ಮಿಕ್ಕಿದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನಾನು ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಜ್ಞಾನ ಟ್ಯೂಷನ್ ಮಾಡುತ್ತೇನೆ. ಈ ಪಾಠ ಬಂದಾಗ ಮನೆ ಹತ್ತಿರದ ವೆಲ್ಡಿಂಗ್ ಅಂಗಡಿಯಿಂದ ಒಂದು ಹಿಡಿ ಕಬ್ಬಿಣದ ಪುಡಿ ತರುತ್ತೇನೆ, ಗ್ರೈಂಡರ್ ಕೆಳಗೆ ಬೀಳುತ್ತಲ್ಲ, ಅದು. ಲೇತ್ ಮಷೀನಿನ ಚೂರು ಬೇಡ, ಅದರಲ್ಲಿ ಎಣ್ಣೆ ಇರುತ್ತದೆ, ಹಾಳೆಗೆ ಅಂಟಿಕೊಂಡು ಅಲುಗಾಡುವುದೇ ಇಲ್ಲ. ದಂಡಕಾಂತದ ಮೇಲೆ ಡ್ರಾಯಿಂಗ್ ಶೀಟ್ ಇಟ್ಟು, ಪುಡಿ ಉದುರಿಸಿ, ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಗೆರೆ ಮೂಡುತ್ತವೆ. ಈಗ ಪುಡಿಯನ್ನೆಲ್ಲ ತೆಗೆದು ಹೊಸದಾಗಿ ಉದುರಿಸಿ. ಒಟ್ಟು ಆಕಾರ ಅದೇ, ಆದರೆ ಮೊದಲು ಖಾಲಿ ಇದ್ದ ಕಡೆ ಈಗ ಗೆರೆ ಬಂದಿರುತ್ತದೆ! ಒಂದೊಂದು ಕಣವೂ ಪುಟ್ಟ ಕಾಂತವಾಗಿ ಒಂದರ ಬಾಲಕ್ಕೆ ಇನ್ನೊಂದು ಅಂಟಿ ಸಾಲಾಗುತ್ತದೆ, ಅಕ್ಕಪಕ್ಕದ ಸಾಲುಗಳು ಒಂದನ್ನೊಂದು ದೂಡುತ್ತವೆ, ಅದಕ್ಕೇ ನಡುವೆ ಸಂದು. ಆ ಸಂದಿನಲ್ಲೂ ಕ್ಷೇತ್ರ ಇದ್ದೇ ಇದೆ.

ನಿಮ್ಮ ಅನುಮಾನ ಸಣ್ಣದೇನಲ್ಲ. ಬಲರೇಖೆಗಳ, ಅಂದರೆ ಇದೇ ಗೆರೆಗಳ, ವಿಚಾರವನ್ನು ಬೆಳೆಸಿದ ವಿಜ್ಞಾನಿ ಮೈಕೇಲ್ ಫ್ಯಾರಡೆ ಅವರೇ 1852ರಲ್ಲಿ ಈ ಗೆರೆಗಳು ನಿಜವಾಗಿ ಇವೆ ಅಂತ ವಾದಿಸಿದ್ದರು.

ಈಗ ಕತ್ತರಿಸುವ ವಿಷಯ. ಒಂದು ಜಾಗದಲ್ಲಿ ಸಣ್ಣ ದಿಕ್ಸೂಚಿ ಇಟ್ಟರೆ ಅದರ ಸೂಜಿ ಯಾವ ಕಡೆ ನಿಲ್ಲುತ್ತದೋ ಅದೇ ಅಲ್ಲಿ ಗೆರೆಯ ದಿಕ್ಕು. ಎರಡು ಗೆರೆ ಕತ್ತರಿಸಿದರೆ ಆ ಜಾಗದಲ್ಲಿ ಸೂಜಿ ಏಕಕಾಲಕ್ಕೆ ಎರಡು ಕಡೆ ತೋರಿಸಬೇಕು. ಆಗುತ್ತದಾ? ಎರಡು ಕಾಂತ ಇಟ್ಟರೂ ಅಷ್ಟೇ, ಎರಡರ ಬಲವೂ ಸೇರಿ ಒಂದೇ ದಿಕ್ಕು ಬರುತ್ತದೆ. ಗೆರೆಗಳು ಒತ್ತಾಗಿರುವ ಕಡೆ, ಅಂದರೆ ಧ್ರುವಗಳ ಹತ್ತಿರ, ಕ್ಷೇತ್ರ ಜೋರು.

ಮಕ್ಕಳು ಜಾಸ್ತಿ ತಪ್ಪುವುದು ಇನ್ನೊಂದು ಕಡೆ. ಗೆರೆ ಉತ್ತರ ಧ್ರುವದಲ್ಲಿ ಹುಟ್ಟಿ ದಕ್ಷಿಣ ಧ್ರುವದಲ್ಲಿ ಮುಗಿಯುತ್ತದೆ ಅಂತ ಬರೆಯುತ್ತಾರೆ. ಚಿತ್ರದಲ್ಲಿ ಕಾಂತದ ಒಳಗೆ ಗೆರೆ ಎಳೆದಿರುವುದಿಲ್ಲ, ಅವರದೇನು ತಪ್ಪು ಅಲ್ವಾ? ಹೊರಗೆ ಉತ್ತರದಿಂದ ದಕ್ಷಿಣಕ್ಕೆ, ಒಳಗೆ ದಕ್ಷಿಣದಿಂದ ಉತ್ತರಕ್ಕೆ, ಹೀಗೆ ಪೂರ್ತಿ ಸುತ್ತು. ಕೊನೆ ಅನ್ನುವುದೇ ಇಲ್ಲ. ಕಾಂತವನ್ನು ಎರಡು ತುಂಡು ಮಾಡಿದರೂ ಪ್ರತಿ ತುಂಡಿಗೂ ಎರಡೂ ಧ್ರುವ ಇರುತ್ತವೆ.

ಸಾಧ್ಯವಾದರೆ ಇದನ್ನೂ ಮಾಡಿ ನೋಡಿ. ದಂಡಕಾಂತದ ಉತ್ತರ ಧ್ರುವವನ್ನು ಉತ್ತರ ದಿಕ್ಕಿಗೆ ಇಟ್ಟು, ಅದರ ನಡುಭಾಗದಿಂದ ನೇರ ಪೂರ್ವಕ್ಕೆ ದಿಕ್ಸೂಚಿಯನ್ನು ನಿಧಾನವಾಗಿ ಸರಿಸುತ್ತಾ ಹೋಗಿ. ಹತ್ತಿರದಲ್ಲಿ ಸೂಜಿ ದಕ್ಷಿಣ ತೋರಿಸುತ್ತದೆ, ದೂರ ಹೋದ ಮೇಲೆ ಉತ್ತರ. ನಡುವೆ ಒಂದು ಜಾಗದಲ್ಲಿ ಕಾಂತದ ಬಲವೂ ಭೂಮಿಯ ಬಲವೂ ಸಮ ಆಗಿ, ಸೂಜಿ ಎತ್ತಲೂ ಎಳೆಸಿಕೊಳ್ಳದೆ ಸುಮ್ನೆ ನಿಲ್ಲುತ್ತದೆ. ಪಶ್ಚಿಮದ ಕಡೆಯೂ ಅಂಥದ್ದೊಂದು ಜಾಗ ಸಿಗುತ್ತದೆ. ಮೊಬೈಲನ್ನು ಮಾತ್ರ ದೂರ ಇಡಿ, ಅದರ ಸ್ಪೀಕರಿನಲ್ಲೂ ಕಾಂತ ಇರುತ್ತದೆ.