ವಿಗ್ರಹ ಅದೇನಾ ಅಂತ ನಿಮ್ಮ ನಾಯಕ ಒಮ್ಮೆಯೂ ಕೇಳಲಿಲ್ಲ

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ತಂಜಾವೂರು ಕಡೆಯ ಹಳ್ಳಿ ದೇವಸ್ಥಾನದಿಂದ ಕಳುವಾದ ಚೋಳರ ಕಾಲದ ನಟರಾಜ, ಅದನ್ನು ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಪತ್ತೆ ಹಚ್ಚಿ ರಾತ್ರೋರಾತ್ರಿ ಎತ್ತಿಕೊಂಡು ಬರುವ ಬೆಂಗಳೂರಿನ ಮಾಜಿ ಕಮಾಂಡೋ ವಿಕ್ರಮ್. ವಿಷಯ ಗಟ್ಟಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಖಾರ ಜಾಸ್ತಿ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಬರೆಯುವ ಕೈ ಕಾಣದಿದ್ದರೆ ನಾನು ಇಷ್ಟುದ್ದ ಪತ್ರ ಬರೆಯುವವನಲ್ಲ.

ಆ ಕೈ ಕಂಡದ್ದು ನಾಲ್ಕನೇ ಅಧ್ಯಾಯದಲ್ಲಿ. ವಿಗ್ರಹ ಹೇಗಿತ್ತು ಹೇಳಿ ಅಂತ ಪೊಲೀಸರು ದೇವಸ್ಥಾನದ ಅರ್ಚಕರಾದ ಗುರುಕ್ಕಳ್ ಅವರನ್ನು ಕೇಳುತ್ತಾರೆ. ಮುದುಕರಿಗೆ ಹೇಳಲು ಬರುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ದೇವರೇ, ಆದರೆ ನೋಡಿದ್ದೆಲ್ಲ ವಸ್ತ್ರ, ಗಂಧ, ಹೂವಿನ ಮರೆಯಲ್ಲಿ. ಕೊನೆಗೆ ಕಣ್ಣು ಮುಚ್ಚಿ, ಅಭಿಷೇಕ ಮಾಡುವ ಹಾಗೆ ಕೈ ಆಡಿಸಿ, ಎತ್ತಿದ ಕಾಲಿನ ಅಡಿಯಲ್ಲಿ ಒಂದು ಗುಳಿ ಇದೆ ಸಾರ್, ನನ್ನ ಹೆಬ್ಬೆರಳು ಕೂರುವಷ್ಟು, ಅನ್ನುತ್ತಾರೆ. ಬಹಳ ಚೆನ್ನಾಗಿದೆ.

ಆಮೇಲೆ? ಎಸ್‌ಐ ಅದನ್ನು ಬರೆದುಕೊಂಡ, ಅಷ್ಟೇ. ಆ ಗುಳಿ ಮತ್ತೆ ಕಾದಂಬರಿಯಲ್ಲಿ ಬರುವುದೇ ಇಲ್ಲ. ಹನ್ನೊಂದನೇ ಅಧ್ಯಾಯದಲ್ಲಿ ವಿಕ್ರಮ್ ಮ್ಯೂಸಿಯಮ್ಮಿನೊಳಗೆ ಹೋಗುತ್ತಾನೆ, ವಿಗ್ರಹ ನೋಡುತ್ತಾನೆ, ಕಣ್ಣು ತುಂಬಿ ಬರುತ್ತದೆ, ಇದೇ ಅಂತ ಮನಸ್ಸು ಹೇಳುತ್ತದೆ. ಮನಸ್ಸು ಹೇಳಿಬಿಟ್ಟರೆ ಆಯಿತಾ? ಜಗತ್ತಿನ ಮ್ಯೂಸಿಯಂಗಳಲ್ಲಿ ನಟರಾಜರು ಬೇಕಾದಷ್ಟಿದ್ದಾರೆ. ಎಲ್ಲರದ್ದೂ ಅದೇ ಭಂಗಿ, ಅದೇ ಪ್ರಭಾವಳಿ, ಕಾಲಡಿಯಲ್ಲಿ ಅದೇ ಅಪಸ್ಮಾರ ಅನ್ನುವ ಕುಳ್ಳ ರಾಕ್ಷಸ. ಇವನೇ ನಮ್ಮೂರವನು ಅಂತ ನ್ಯಾಯಾಧೀಶರಿಗೆ, ಮ್ಯೂಸಿಯಮ್ಮಿನ ವಕೀಲರಿಗೆ ಹೇಗೆ ತೋರಿಸುತ್ತೀರಿ? ನಿಮ್ಮ ಥ್ರಿಲ್ಲರ್ ಇರುವುದು ಈ ಪ್ರಶ್ನೆಯಲ್ಲಿ. ನೀವು ಅದನ್ನು ಒಂದು ಹನಿ ಕಣ್ಣೀರಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ಶ್ರೀಪುರಂತಾನ್ ಪ್ರಕರಣ ನಿಮಗೆ ಗೊತ್ತಿರಬೇಕು, ಕಥೆಯಲ್ಲಿ ಅದರ ನೆರಳಿದೆ. ಆದರೆ ಅದರ ಅಸಲಿ ರುಚಿಯನ್ನೇ ಬಿಟ್ಟಿದ್ದೀರಿ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಹಳ್ಳಿ ಅದು. ಅಲ್ಲಿನ ಹಳೆಯ ಶಿವ ದೇವಸ್ಥಾನಕ್ಕೆ 2006ರಲ್ಲಿ ಕಳ್ಳರು ನುಗ್ಗಿದರು. ಗೊತ್ತಾದದ್ದು 2008ರಲ್ಲಿ, ಅಧಿಕಾರಿಗಳು ವಿಗ್ರಹಗಳನ್ನು ಸುರಕ್ಷಿತ ಜಾಗಕ್ಕೆ ಒಯ್ಯಲು ಬಂದಾಗ! ಅಷ್ಟರಲ್ಲಿ ನಟರಾಜ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ ಆಫ್ ಆಸ್ಟ್ರೇಲಿಯಾ ಸೇರಿ ಆಗಿತ್ತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. ಬೆಲೆ ಸುಮಾರು 50 ಲಕ್ಷ ಡಾಲರ್.

ಗ್ಯಾಲರಿಯವರು ಕಾಗದಪತ್ರ ಕೇಳಲಿಲ್ಲವೇ? ಕೇಳಿದರು, ಸಿಕ್ಕಿತು ಕೂಡ. ದೆಹಲಿಯಲ್ಲಿದ್ದ ಸುಡಾನಿನ ರಾಜತಾಂತ್ರಿಕ ಅಧಿಕಾರಿಯೊಬ್ಬರ ಮನೆಯವರು 1970ರಲ್ಲಿ ಕೊಂಡು ಹೊರದೇಶಕ್ಕೆ ಒಯ್ದರು ಅಂತ ಅದರಲ್ಲಿತ್ತು. ಆ ಇಸವಿ ಸುಮ್ನೆ ಬಂದದ್ದಲ್ಲ. ಕದ್ದ ಪ್ರಾಚೀನ ವಸ್ತುಗಳ ಬಗ್ಗೆ ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ, ನಮ್ಮ ಪ್ರಾಚ್ಯವಸ್ತು ಕಾಯ್ದೆ 1972ರದ್ದು. ಅದಕ್ಕೂ ಮೊದಲೇ ದೇಶ ಬಿಟ್ಟಿದೆ ಅಂತ ಕಾಗದದಲ್ಲಿದ್ದರೆ ಕೊಳ್ಳುವವರು ಹೆಚ್ಚು ಕೆದಕುವುದಿಲ್ಲ. ಈಗ ಯೋಚಿಸಿ. ಒಂದು ಕೋಣೆ, ಒಂದು ಹಳೇ ಟೈಪ್‌ರೈಟರು, ಹಳೇ ಕಾಗದ, ಇಸವಿಯನ್ನು ಕಾಯ್ದೆಗಿಂತ ಎರಡು ವರ್ಷ ಹಿಂದೆ ಹಾಕಲೇ ಮೂರು ವರ್ಷ ಹಿಂದೆ ಹಾಕಲೇ ಅಂತ ಲೆಕ್ಕ ಹಾಕುತ್ತಿರುವ ಒಬ್ಬ ಗುಮಾಸ್ತ. ನಿಮ್ಮ ಲೇಸರ್ ಕಿರಣಗಳಿಗಿಂತ ಇದು ಜಾಸ್ತಿ ಮೈ ನಡುಗಿಸುತ್ತದೆ, ಅಲ್ವಾ?

ಈ ಸುಳ್ಳನ್ನು ಒಡೆದದ್ದು ಫೋಟೋ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು 1950ರ ದಶಕದಿಂದ ತಮಿಳುನಾಡಿನ ದೇವಸ್ಥಾನಗಳ ವಿಗ್ರಹಗಳ ಫೋಟೋ ತೆಗೆದು ಜೋಪಾನ ಮಾಡಿದ್ದಾರೆ. 1972ಕ್ಕೂ ಮೊದಲೇ ದೇಶ ಬಿಟ್ಟ ಅಂತ ಕಾಗದ ಹೇಳುವ ನಟರಾಜ, ಆಮೇಲೆ ತೆಗೆದ ಫೋಟೋದಲ್ಲಿ ಊರಲ್ಲೇ ನಿಂತಿದ್ದಾನೆ.

ಹಾಗೆ ಹೋಲಿಸಲು ಆಗುವುದು ಯಾಕೆ ಅನ್ನುವುದೂ ಕಥೆಗೆ ಬೇಕು. ವಿಗ್ರಹವನ್ನು ಮೊದಲು ಮೇಣದಲ್ಲಿ ಮಾಡುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಮಣ್ಣಿನ ಅಚ್ಚು ಒಡೆಯದೆ ವಿಗ್ರಹ ಹೊರಗೆ ಬರುವುದಿಲ್ಲ. ಒಂದು ಅಚ್ಚಿಗೆ ಒಂದೇ ವಿಗ್ರಹ. ಎರಕದಲ್ಲಿ ಉಳಿದ ಗುಳಿ, ಪ್ರಭಾವಳಿಯಲ್ಲಿ ಮುರಿದ ಒಂದು ಜ್ವಾಲೆ, ಸೊಟ್ಟಗಾದ ಒಂದು ಜಡೆ, ಇವು ಇನ್ನೊಂದರಲ್ಲಿ ಇರುವುದಿಲ್ಲ. ನಿಮ್ಮ ಗುರುಕ್ಕಳ್ ಹೆಬ್ಬೆರಳಿಗೆ ಗೊತ್ತಿದ್ದದ್ದು ಇದೇ ತಾನೆ! ಅರಿವಿಲ್ಲದೆ ಬಂಗಾರ ಕೈಗೆ ಹತ್ತಿದೆ, ಬಿಡಬೇಡಿ.

ಕೋರ್ಟು ಬೇಜಾರು, ಓದುಗ ಎದ್ದು ಹೋಗುತ್ತಾನೆ ಅಂತ ನಿಮ್ಮ ಕವರಿಂಗ್ ಪತ್ರದಲ್ಲಿ ಬರೆದಿದ್ದೀರಿ. ಪತ್ತೂರಿನ ನಟರಾಜನ ವಿಷಯ ಓದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ ಕೂಲಿಯವನೊಬ್ಬ ಅಗೆಯುವಾಗ ಸಿಕ್ಕ ವಿಗ್ರಹ ಅದು. ಕೈ ಬದಲಾಗುತ್ತಾ ಲಂಡನ್ನಿಗೆ ಹೋಯಿತು. ಕೆನಡಾದ ಒಂದು ಕಂಪನಿ ಕೊಂಡಿತು. ರಿಪೇರಿಗೆ ಅಂತ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾಗ ಪೊಲೀಸರು ಹಿಡಿದರು. ಕೇಸು ಹಾಕಿದವರ ಸಾಲಿನಲ್ಲಿ ಭಾರತ ಸರ್ಕಾರ ಮಾತ್ರ ಅಲ್ಲ, ಆ ದೇವಸ್ಥಾನದ ಶಿವಲಿಂಗವೂ ಇತ್ತು. ಲಂಡನ್ ಕೋರ್ಟಿನಲ್ಲಿ ಶಿವನೇ ಫಿರ್ಯಾದಿ! ಅದೇ ಊರಲ್ಲಿ ಸಿಕ್ಕ ಬೇರೆ ವಿಗ್ರಹಗಳ ಜೊತೆ ಇದನ್ನು ಹೋಲಿಸಿ, ಅಂಟಿದ ಮಣ್ಣು, ಗೆದ್ದಲು ಹರಿದ ಗುರುತು ಎಲ್ಲದರ ಮೇಲೂ ತಜ್ಞರು ವಾದ ಮಾಡಿದರು. 1988ರಲ್ಲಿ ತೀರ್ಪು ಭಾರತದ ಕಡೆಗೆ ಬಂತು. ಮೇಲ್ಮನವಿಯಲ್ಲೂ ಅದೇ ನಿಂತು 1991ರಲ್ಲಿ ವಿಗ್ರಹ ವಾಪಸ್ಸಾಯಿತು. ಗೆದ್ದಲು ಸಾಕ್ಷಿ ಹೇಳುವ ಕೋರ್ಟು ಯಾರಿಗೆ ಬೇಜಾರು, ಹೇಳಿ?

ಇನ್ನು ವಿಕ್ರಮ್ ಕೊಳ್ಳುವವನ ವೇಷ ಹಾಕುವ ಅಧ್ಯಾಯ. ಪರವಾಗಿಲ್ಲ, ಇಂಥದ್ದು ನಿಜಕ್ಕೂ ನಡೆದಿದೆ. 1994ರಲ್ಲಿ ಓಸ್ಲೋದಿಂದ ಎಡ್ವರ್ಡ್ ಮುಂಕ್ ಬರೆದ 'ಚೀತ್ಕಾರ' ಚಿತ್ರ ಕಳುವಾದಾಗ, ಸ್ಕಾಟ್ಲೆಂಡ್ ಯಾರ್ಡಿನ ಚಾರ್ಲ್ಸ್ ಹಿಲ್ ಗೆಟ್ಟಿ ಮ್ಯೂಸಿಯಮ್ಮಿನ ಕಡೆಯವನಂತೆ ನಟಿಸಿ ಕಳ್ಳರ ಹತ್ತಿರ ಹೋದರು. ಚಿತ್ರ ಅಸಲಿ ಅಂತ ಅವರು ಗುರುತು ಹಿಡಿದದ್ದು ಅದರ ಮೇಲೆ ಸಿಡಿದು ಗಟ್ಟಿಯಾದ ಮೇಣದ ಬತ್ತಿಯ ಹನಿಗಳಿಂದ. ಕೆಲವೇ ತಿಂಗಳಲ್ಲಿ ಚಿತ್ರ ಸಿಕ್ಕಿತು. ನೋಡಿ, ಅಲ್ಲೂ ಗುರುತು ಹೇಳಿದ್ದು ಕಣ್ಣೀರಲ್ಲ, ಮೇಣದ ಕಲೆ. ಇನ್ನೊಂದು ತಮಾಷೆ ಏನೆಂದರೆ, ಬ್ರಿಟಿಷ್ ಪೊಲೀಸರು ಸುಳ್ಳು ಹೆಸರಿನಲ್ಲಿ ನಾರ್ವೆಗೆ ಬಂದಿದ್ದರು ಅನ್ನುವ ಕಾರಣಕ್ಕೇ ಕೆಲವು ಆರೋಪಿಗಳ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ನಿಮ್ಮ ವಿಕ್ರಮ್ ಮಾಡುವ ಯಾವ ಕೆಲಸಕ್ಕೂ ಹೀಗೆ ಬೆಲೆ ತೆರಬೇಕಾಗಿ ಬರುವುದಿಲ್ಲ. ಅದಕ್ಕೇ ಅವನು ಅಪಾಯದಲ್ಲಿದ್ದಾನೆ ಅಂತ ನನಗೆ ಎಲ್ಲೂ ಅನ್ನಿಸಲಿಲ್ಲ.

ಹದಿನಾಲ್ಕರಿಂದ ಹದಿನೆಂಟರವರೆಗಿನ ಅಧ್ಯಾಯಗಳನ್ನು ತೆಗೆದುಬಿಡಿ. ನಾಲ್ಕಡಿ ಎತ್ತರದ ಕಂಚಿನ ನಟರಾಜನನ್ನು ಹೆಗಲಿಗೇರಿಸಿಕೊಂಡು ಹಗ್ಗ ಹಿಡಿದು ಇಳಿಯುವುದು ಆಗದ ಮಾತು. ಎತ್ತಲು ನಾಲ್ಕಾರು ಜನ ಬೇಕು.

ನಿಮ್ಮ ಖಳನಾಯಕನೂ ಹಳಸಲು. ನೆಲಮಾಳಿಗೆಯಲ್ಲಿ ಒಬ್ಬನೇ ಕೂತು ವಿಸ್ಕಿ ಹೀರುತ್ತಾ ಕದ್ದ ವಿಗ್ರಹ ನೋಡುವವನು ಸಿನಿಮಾದಿಂದ ಬಂದವನು. ಕಪೂರನ ಅಂಗಡಿ ಇದ್ದದ್ದು ಮ್ಯಾಡಿಸನ್ ಅವೆನ್ಯೂದಲ್ಲಿ, ಹಾಡಹಗಲಲ್ಲಿ. ದೊಡ್ಡ ಮ್ಯೂಸಿಯಂಗಳಿಗೆ ಅವನು ಕಲಾಕೃತಿಗಳನ್ನು ದಾನವಾಗಿಯೂ ಕೊಟ್ಟಿದ್ದ. 2011ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಬಿದ್ದ, ಮರುವರ್ಷ ಭಾರತಕ್ಕೆ ಬಂದ, ಕುಂಭಕೋಣಂ ಕೋರ್ಟು ಹತ್ತು ವರ್ಷ ಶಿಕ್ಷೆ ಕೊಟ್ಟದ್ದು 2022ರಲ್ಲಿ. ಎಲ್ಲರೂ ಎದ್ದು ನಿಂತು ಕೈಕುಲುಕುವ ಮನುಷ್ಯನನ್ನು ಬರೆಯಿರಿ.

ಡಾ. ಮೀರಾಗೆ ಅನ್ಯಾಯ ಮಾಡಿದ್ದೀರಿ. ಇಡೀ ಕಾದಂಬರಿಯಲ್ಲಿ ವಿಷಯ ಗೊತ್ತಿರುವವಳು ಅವಳೊಬ್ಬಳೇ. ಅವಳ ಕೈಲಿ ಮೂರು ಪುಟ ಪಾಠ ಹೇಳಿಸಿ ವಿಮಾನ ನಿಲ್ದಾಣದಲ್ಲಿ ಬಿಟ್ಟಿದ್ದೀರಿ. ಫೋಟೋ ಹುಡುಕುವವಳು, ಗುಳಿ ಕಾಣುವವಳು ಅವಳಾಗಲಿ. ವಿಕ್ರಮ್ ಬೇಕಾದರೆ ಕಾರು ಓಡಿಸಲಿ.

ಕೊನೆಯ ಅಧ್ಯಾಯದಲ್ಲಿ ವಿಗ್ರಹ ಊರಿಗೆ ಬಂದು ರಥೋತ್ಸವ ಆಗುತ್ತದೆ. ನಿಜದಲ್ಲಿ ಏನಾಗುತ್ತದೆ ಗೊತ್ತಾ? ಶ್ರೀಪುರಂತಾನ್ ನಟರಾಜನನ್ನು 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ದೆಹಲಿಗೆ ತಂದು ಒಪ್ಪಿಸಿದರು. ಆಮೇಲೆ ಅವನು ಮುದ್ದೆಮಾಲಾಗಿ, ಅಂದರೆ ಕೇಸಿನ ಸಾಕ್ಷ್ಯವಸ್ತುವಾಗಿ, ಕೋರ್ಟಿಗೆ ಹಾಜರಾದ, ಅಲ್ಲಿಂದ ಕುಂಭಕೋಣದ ಸರ್ಕಾರಿ ವಿಗ್ರಹ ಭದ್ರತಾ ಕೇಂದ್ರಕ್ಕೆ ಹೋದ. ಹಳ್ಳಿ ದೇವಸ್ಥಾನಕ್ಕೆ ಕಾವಲಿಲ್ಲ, ಮತ್ತೆ ಕಳುವಾದರೆ ಯಾರು ಹೊಣೆ ಅನ್ನುವ ಮಾತು ಸುಳ್ಳಲ್ಲ. ಹಾಗಾದರೆ ನಿಮ್ಮ ಗುರುಕ್ಕಳ್ ಏನು ಮಾಡುತ್ತಾರೆ? ಬಸ್ಸು ಹತ್ತಿ ಹೋಗಿ, ಗೇಟಿನಲ್ಲಿ ಅರ್ಜಿ ಕೊಟ್ಟು ಕಾಯುತ್ತಾರಾ? ಮುಟ್ಟಲು ಬಿಡುತ್ತಾರಾ? ಇದಕ್ಕೆ ಉತ್ತರ ನೀವೇ ಬರೆಯಬೇಕು, ನಾನು ಹೇಳುವುದಿಲ್ಲ.

ಭಾಷೆ ಬಗ್ಗೆ ಒಂದೇ ಮಾತು. ಅಧ್ಯಾಯ ಮುಗಿಯಬೇಕಾದಾಗಲೆಲ್ಲ ಫೋನ್ ರಿಂಗಾಗುತ್ತದೆ. ಸೈಲೆಂಟಿಗೆ ಹಾಕಿ.

ಪೂರ್ತಿ ತಿದ್ದುವ ಮೊದಲು ಮೊದಲ ಐದು ಅಧ್ಯಾಯ ಮತ್ತು ಹೊಸ ಕಥಾಸಾರ ಎರಡು ಪುಟದಲ್ಲಿ ಕಳಿಸಿ, ಓದಿ ಹೇಳುತ್ತೇನೆ. ಈ ಸಲ ದಯವಿಟ್ಟು ಯೂನಿಕೋಡಿನಲ್ಲಿ ಕಳಿಸಿ, ಪುಟ ಸಂಖ್ಯೆ ಹಾಕಿ. ನುಡಿ ತಂತ್ರಾಂಶದ ಅಕ್ಷರಗಳಿಂದ ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದಿದ್ದವು.