ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಹೆದರುತ್ತಿದ್ದ ಯುವತಿ

ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಮೂವತ್ತರೊಳಗಿನ ವಯಸ್ಸು. ಪದವೀಧರೆ, ಕೆಲಸದಲ್ಲಿ ಚುರುಕು. ಈಗ ಏನು ನಡೆಯುತ್ತಿದೆ, ನಾಳೆ ಏನು ಮಾಡಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೋ ನಿಭಾಯಿಸುತ್ತಿದ್ದರು. ‘ನಿನ್ನೆ ಏನಾಯಿತು?’ ಎಂದು ಯಾರಾದರೂ ಕೇಳಿದರೆ ಮಾತ್ರ ಗಂಟಲು ಕಟ್ಟುತ್ತಿತ್ತು. ಕಚೇರಿಯ ಸಭೆಗಳಲ್ಲಿ ಕೇಳುವುದು ಬಹುಪಾಲು ಆಗಿಹೋದ ಸಂಗತಿಯನ್ನೇ. ಹಾಗಾಗಿ ಸಭೆಯ ದಿನ ರಜೆ ಹಾಕುವುದು, ತಾವು ಮಾಡಿದ ಕೆಲಸದ ವರದಿಯನ್ನು ಬೇರೆಯವರ ಬಾಯಿಂದ ಹೇಳಿಸುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಸಂದರ್ಶನದಲ್ಲಿ ಹಿಂದಿನ ಅನುಭವ ಕೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ಬಡ್ತಿಯ ಅವಕಾಶವೊಂದನ್ನು ಬಿಟ್ಟುಕೊಟ್ಟ ಮೇಲೆ ನನ್ನ ಬಳಿ ಬಂದರು.

ಮೊದಲು ಭಯದ ವ್ಯಾಪ್ತಿಯನ್ನು ನೋಡಿದೆ. ಕನ್ನಡದಲ್ಲಿ ಹತ್ತು ಜನರ ಮುಂದೆ ಮಾತನಾಡಲು ಅಳುಕಿಲ್ಲ, ನಿದ್ರೆ ಊಟ ಸರಿಯಾಗಿದೆ, ಬೇರೆ ಸಂದರ್ಭಗಳಲ್ಲಿ ಎದೆಬಡಿತ ಏರುವುದಿಲ್ಲ. ಮಾತೃಭಾಷೆಯಲ್ಲೂ ಇದೇ ಅಳುಕು ಇದ್ದಿದ್ದರೆ ನಾನು ವ್ಯಾಕರಣದ ಕಡೆ ಹೋಗದೆ ಮನೋವೈದ್ಯರ ಅಭಿಪ್ರಾಯ ಕೇಳುತ್ತಿದ್ದೆ.

ಹಿಂದಿನ ದಿನ ಎಲ್ಲಿಗೋ ಹೋಗದಿದ್ದುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದೆ. ‘ಐ ಡಿಡ್ ನಾಟ್...’ ಎಂದು ನಿಂತರು. ಕಣ್ಣು ಚಾವಣಿಯತ್ತ ಹೋಯಿತು. ತುಟಿಗಳು ಸದ್ದಿಲ್ಲದೆ ‘ಗೋ, ವೆಂಟ್, ಗಾನ್’ ಎಂದುಕೊಂಡವು. ಕೊನೆಗೆ ‘ವೆಂಟ್’ ಎಂದರು, ಅದು ತಪ್ಪೆಂದು ಆ ಕ್ಷಣವೇ ಗೊತ್ತಾಗಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಶಾಲೆಯಲ್ಲಿ ಇಂಥದ್ದೇ ವಾಕ್ಯಕ್ಕಾಗಿ ನಿಲ್ಲಿಸಿ, ತರಗತಿಯೆಲ್ಲ ನಗುತ್ತಿರುವಾಗ ಮತ್ತೆ ಮತ್ತೆ ಹೇಳಿಸಿದ್ದರಂತೆ. ಬರವಣಿಗೆಯ ಅಭ್ಯಾಸ ಕೊಟ್ಟರೆ ಹೆಚ್ಚುಕಡಿಮೆ ಎಲ್ಲವೂ ಸರಿ. ಹನ್ನೆರಡು ಕಾಲಗಳ ಕೋಷ್ಟಕ ಬಾಯಿಪಾಠ. ಎಂದರೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಮಾತನಾಡುತ್ತಲೇ ಆ ಕೋಷ್ಟಕದಲ್ಲಿ ಉತ್ತರ ಹುಡುಕುವುದು ಅವರನ್ನು ಕಟ್ಟಿಹಾಕುತ್ತಿತ್ತು. ಹೊಸದಾಗಿ ಮಾತು ಕಲಿಯುವವರ ಕೈಗೆ ಆ ಹನ್ನೆರಡು ಮನೆಗಳ ಪಟ್ಟಿ ಕೊಡುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

‘ಹೋದೆ’ ಎಂಬುದನ್ನು ಕನ್ನಡದಲ್ಲಿ ಅಲ್ಲಗಳೆಯಿರಿ ಎಂದೆ. ‘ಹೋಗಲಿಲ್ಲ’ ಎಂದರು. ‘ಹೋದಲಿಲ್ಲ’ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಕಾಲವನ್ನು ‘ಲಿಲ್ಲ’ ಹೊತ್ತುಕೊಂಡಿತು, ಕ್ರಿಯಾಪದ ‘ಹೋಗು’ವಿಗೆ ಮರಳಿತು. ಇಂಗ್ಲಿಷಿನಲ್ಲಿ ಆ ಭಾರ ‘ಡಿಡ್’ನದು, ಆದ್ದರಿಂದ ‘ವೆಂಟ್’ ಮತ್ತೆ ‘ಗೋ’ ಆಗುತ್ತದೆ. ಪ್ರಶ್ನೆಯಲ್ಲೂ ಅಷ್ಟೇ: ‘ಡಿಡ್ ಯೂ ಗೋ’. ‘ಹೋಗಲಿಲ್ಲ’ ಮತ್ತು ‘ಹೋಗಿಲ್ಲ’ಗಳ ನಡುವಿನ ಅಂತರವೂ ಅವರಿಗೆ ಹುಟ್ಟಿನಿಂದಲೇ ಗೊತ್ತು. ಮೊದಲನೆಯದು ‘ಡಿಡ್ ನಾಟ್ ಗೋ’, ಎರಡನೆಯದು ‘ಹ್ಯಾವ್ ನಾಟ್ ಗಾನ್’. ತನಗೆ ಏನೂ ಬಾರದು ಎಂದು ನಂಬಿಕೊಂಡವರಿಗೆ, ಇದರಲ್ಲಿ ಅರ್ಧ ತಮ್ಮಲ್ಲೇ ಇದೆ ಎಂದು ಕಂಡಾಗ ಕುಳಿತ ಭಂಗಿಯೇ ಬದಲಾಗುತ್ತದೆ.

ಕನ್ನಡ ಕೈಕೊಡುವ ಜಾಗಗಳನ್ನೂ ತೋರಿಸಿದೆ. ‘ನಿನ್ನೆಯೇ ಕಳುಹಿಸಿದ್ದೇನೆ’ ಎನ್ನುವುದು ನಮಗೆ ಸಹಜ. ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಬಂದ ಮೇಲೆ ‘ಹ್ಯಾವ್ ಸೆಂಟ್’ಗೆ ಜಾಗವಿಲ್ಲ, ಬರೀ ‘ಸೆಂಟ್’ ಸಾಕು. ನಿನ್ನೆ, ಕಳೆದ ವಾರ, 2019ರಲ್ಲಿ ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದರೆ ಸರಳ ಭೂತಕಾಲವೇ. ‘ವೈದ್ಯರ ಬಳಿ ಹೋಗಿದ್ದೆ’ ಎಂಬುದನ್ನು ಹಾಗೆಯೇ ‘ಐ ಹ್ಯಾಡ್ ಗಾನ್’ ಮಾಡುವುದೂ ನಮ್ಮವರಲ್ಲಿ ಬಹಳ. ‘ಹ್ಯಾಡ್’ ಬೇಕಾಗುವುದು ಇನ್ನೊಂದು ಘಟನೆಗಿಂತ ಮೊದಲೇ ಮುಗಿದದ್ದಕ್ಕೆ: ನಾನು ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಅಂಥ ಎರಡನೆಯ ಘಟನೆ ಇಲ್ಲದಿದ್ದರೆ ಅದನ್ನು ಕೈಬಿಡಿ ಎಂದೆ. ಕಥನಕ್ಕೆ ಸರಳ ಭೂತಕಾಲವೇ ಬೆನ್ನೆಲುಬು. ಆಗ ಸುತ್ತ ಏನು ನಡೆಯುತ್ತಿತ್ತು ಎಂದು ಹೇಳಲು ‘ವಾಸ್’, ‘ವರ್’ ಜೊತೆಗೆ ‘ಇಂಗ್’ ರೂಪ. ಸದ್ಯಕ್ಕೆ ಇಷ್ಟೇ.

ಭೂತಕಾಲಕ್ಕೆ ‘ಎಡ್’ ಸೇರಿಸುವ ನಿಯಮಕ್ಕೆ ಒಗ್ಗದ ಅನಿಯತ ಕ್ರಿಯಾಪದಗಳ ಹೆದರಿಕೆ ಬೇರೆಯೇ ಇತ್ತು. ಬಿ, ಹ್ಯಾವ್, ಡೂ, ಸೇ, ಗೋ, ಟೇಕ್, ಸೀ ಹೀಗೆ ದಿನವಿಡೀ ಬೇಕಾಗುವ ಪದಗಳೇ ನಿಯಮ ಮೀರುವುದು ಏಕೆ ಎಂದು ನೊಂದು ಕೇಳಿದರು. ಎಡೆಬಿಡದೆ ಬಳಕೆಯಲ್ಲಿದ್ದುದರಿಂದಲೇ ಅವು ಹಳೆಯ ರೂಪವನ್ನು ಉಳಿಸಿಕೊಂಡಿವೆ. ‘ಹೆಲ್ಪ್’ ಎಂಬುದರ ಭೂತರೂಪ ಒಂದು ಕಾಲಕ್ಕೆ ‘ಹೋಲ್ಪ್’ ಆಗಿತ್ತು, ಬರಬರುತ್ತ ‘ಹೆಲ್ಪ್ಟ್’ ಆಯಿತು. ಮಕ್ಕಳು ಭಾಷೆ ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆಯೂ ಹೇಳಿದೆ. ‘ರಿಕ್’ ಎಂಬ ಇಲ್ಲದ ಕ್ರಿಯಾಪದವನ್ನು ಮುಂದಿಟ್ಟಾಗ ಪುಟ್ಟ ಮಕ್ಕಳು ‘ರಿಕ್ಟ್’ ಎಂದು ತಾವೇ ರೂಪಿಸಿದ್ದರು. ಇಂಗ್ಲಿಷ್ ಮಾತೃಭಾಷೆಯ ಮಕ್ಕಳು ‘ವೆಂಟ್’ ಎಂದು ಒಮ್ಮೆ ಸರಿಯಾಗಿ ಹೇಳಿದ ಮೇಲೂ ‘ಗೋ’ಗೆ ‘ಎಡ್’ ಸೇರಿಸಿ ‘ಗೋಡ್’ ಎನ್ನುವ ಹಂತವನ್ನು ಹಾದುಹೋಗುತ್ತಾರೆ, ನಿಯಮವನ್ನು ಕಂಡುಕೊಂಡಿದ್ದರ ಫಲ ಅದು. ಇದನ್ನು ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ತಪ್ಪು ಎಂಬುದು ದಡ್ಡತನದ ಗುರುತಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ರಾತ್ರಿ ಮಲಗುವ ಮುನ್ನ ಆ ದಿನ ನಡೆದದ್ದನ್ನು ನಾಲ್ಕೈದು ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು. ನಡುವೆ ನಿಲ್ಲಿಸಿ ತಿದ್ದುವಂತಿಲ್ಲ, ತಪ್ಪಾದರೂ ಮುಂದಕ್ಕೆ ಹೋಗಬೇಕು. ಮರುದಿನ ಕೇಳಿ, ಒಂದೇ ಬಗೆಯ ತಪ್ಪನ್ನು ಮಾತ್ರ ಗುರುತು ಹಾಕಬೇಕು. ‘ಡಿಡ್’ ನಂತರದ ರೂಪಕ್ಕೆ ಒಂದು ವಾರ, ಉಚ್ಚಾರಣೆಗೆ ಇನ್ನೊಂದು. ‘ವಾಕ್ಟ್’ನಲ್ಲಿ ಟ್, ‘ಪ್ಲೇಡ್’ನಲ್ಲಿ ಡ್, ‘ವಾಂಟೆಡ್’ನಲ್ಲಿ ಮಾತ್ರ ಒಂದು ಅಕ್ಷರ ಹೆಚ್ಚು. ಅನಿಯತ ರೂಪಗಳನ್ನು ಅಕಾರಾದಿಯಾಗಿ ಅಲ್ಲ, ನಾದದ ಗುಂಪುಗಳಾಗಿ ಕಲಿಯಬೇಕು: ಸ್ಯಾಂಗ್, ರ್‍ಯಾಂಗ್, ಡ್ರ್ಯಾಂಕ್ ಒಂದು ಕಡೆ, ಕೆಪ್ಟ್, ಸ್ಲೆಪ್ಟ್, ಫೆಲ್ಟ್ ಇನ್ನೊಂದು ಕಡೆ, ಬದಲಾಗದೇ ಉಳಿಯುವ ಕಟ್, ಪುಟ್, ಹಿಟ್ ಮತ್ತೊಂದು ಕಡೆ. ಒಂಟಿಯಾಗಿ ಹೇಳುವುದು ಹಗುರವಾದ ಮೇಲೆ ನಂಬಿಕೆಯ ಒಬ್ಬ ಗೆಳತಿಯ ಮುಂದೆ, ಆನಂತರ ಸಭೆಯಲ್ಲಿ ಒಂದೇ ಒಂದು ವಿಷಯ. ಗೆಳತಿಗೂ ಒಂದು ಷರತ್ತು ಹಾಕಿದ್ದೆ: ಮಾತು ಮುಗಿಯುವವರೆಗೆ ತಿದ್ದಕೂಡದು.

ಮೊದಮೊದಲು ಅವರು ಧ್ವನಿಮುದ್ರಣವನ್ನು ಕೇಳದೆ ಅಳಿಸಿಹಾಕುತ್ತಿದ್ದರು. ಒತ್ತಾಯಿಸಲಿಲ್ಲ, ಹೇಳುವುದನ್ನಷ್ಟೇ ಬಿಡಬೇಡಿ ಎಂದೆ. ನಿಧಾನವಾಗಿ ಕೇಳತೊಡಗಿದರು. ಕೆಲವು ತಿಂಗಳ ನಂತರ ಸಭೆಯೊಂದರಲ್ಲಿ, ಕೆಟ್ಟು ನಿಂತಿದ್ದ ಯಂತ್ರವನ್ನು ತಾವು ಹೇಗೆ ಸರಿಪಡಿಸಿದೆವು ಎಂದು ತಾವೇ ವಿವರಿಸಿದರು. ನಡುವೆ ‘ಡಿಡ್ ನಾಟ್ ವರ್ಕ್ಡ್’ ಎಂದು, ತಕ್ಷಣ ‘ವರ್ಕ್’ ಎಂದು ತಿದ್ದಿಕೊಂಡು ಮುಂದುವರಿದರಂತೆ. ಮುಂದಿನ ಭೇಟಿಗೆ ಬರುವಾಗ ‘ಬಾಟ್’ (ಕೊಂಡೆ) ಮತ್ತು ‘ಬ್ರಾಟ್’ (ತಂದೆ) ಇನ್ನೂ ಅದಲುಬದಲಾಗುತ್ತಿವೆ ಎಂಬ ದೂರು ತಂದಿದ್ದರು. ‘ಬ್ರಿಂಗ್’ನಲ್ಲಿರುವ ರಕಾರ ‘ಬ್ರಾಟ್’ನಲ್ಲೂ ಇರುತ್ತದೆ, ‘ಬೈ’ನಲ್ಲಿ ಅದಿಲ್ಲ, ಆದ್ದರಿಂದ ‘ಬಾಟ್’ನಲ್ಲೂ ಇಲ್ಲ ಎಂದೆ. ಬರೆದುಕೊಂಡರು.