ಹಾಲಿವುಡ್‌ನ ಪ್ರಸಿದ್ಧ ಕೌಬಾಯ್ ನಟರು ಮೊದಲಿಗೆ ಎಂತಹ ಪಾತ್ರಗಳನ್ನು ಮಾಡುತ್ತಿದ್ದರು?

ಬಹುತೇಕರು ನಾಯಕರಾಗಿ ಬಂದವರಲ್ಲ. ಇದಕ್ಕೆ ಜಾನ್ ವೇಯ್ನ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೇರಿಯನ್ ಮಾರಿಸನ್ ಎಂಬ ಹುಟ್ಟುಹೆಸರಿನ ಅವರು ಗಾಯದಿಂದಾಗಿ ಕಾಲೇಜಿನ ಫುಟ್‌ಬಾಲ್ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಫಾಕ್ಸ್ ಸ್ಟುಡಿಯೋದಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿ, ನಡುನಡುವೆ ಗುಂಪಿನಲ್ಲಿ ಮುಖ ತೋರಿಸುತ್ತಿದ್ದರು. 1930ರಲ್ಲಿ ನಿರ್ದೇಶಕ ರಾವುಲ್ ವಾಲ್ಷ್ 'ದಿ ಬಿಗ್ ಟ್ರೇಲ್' ಚಿತ್ರದಲ್ಲಿ ಅವರನ್ನು ನಾಯಕನನ್ನಾಗಿಸಿದರು. ಆದರೆ 70 ಮಿ.ಮೀ. ಅಗಲದ ಫಿಲ್ಮ್‌ನಲ್ಲಿ ತೆಗೆದ ಆ ದುಬಾರಿ ಚಿತ್ರವನ್ನು ಅದರ ಪೂರ್ಣರೂಪದಲ್ಲಿ ತೋರಿಸಬಲ್ಲ ಚಿತ್ರಮಂದಿರಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ ಮತ್ತು ಆರ್ಥಿಕ ಮಹಾಕುಸಿತವೂ ಸೇರಿಕೊಂಡಿದ್ದರಿಂದ, ಚಿತ್ರ ನೆಲಕಚ್ಚಿತು. ಮುಂದಿನ ಸುಮಾರು ಒಂಬತ್ತು ವರ್ಷ ಅವರು ಅಗ್ಗದ, ತರಾತುರಿಯ ಕೌಬಾಯ್ ಚಿತ್ರಗಳಲ್ಲೇ ಉಳಿದರು. 1933ರ 'ರೈಡರ್ಸ್ ಆಫ್ ಡೆಸ್ಟಿನಿ'ಯಲ್ಲಂತೂ ಹಾಡುವ ಕೌಬಾಯ್ ಆಗಿ ನಟಿಸಬೇಕಾಯಿತು. ಹಾಡಿದ ಕಂಠ ಮಾತ್ರ ಬೇರೆಯವರದು. (ಹಿನ್ನೆಲೆಗಾಯನಕ್ಕೆ ಒಗ್ಗಿದ ನಮಗೆ ಇದರಲ್ಲಿ ವಿಶೇಷವೇನೂ ಕಾಣದು.) 1939ರಲ್ಲಿ ಜಾನ್ ಫೋರ್ಡ್ ಅವರ 'ಸ್ಟೇಜ್‌ಕೋಚ್' ಅವರನ್ನು ತಾರೆಯಾಗಿಸಿತಾದರೂ, ಅದರ ನಟರ ಪಟ್ಟಿಯಲ್ಲಿ ಮೊದಲ ಹೆಸರು ನಟಿ ಕ್ಲೇರ್ ಟ್ರೆವರ್ ಅವರದಾಗಿತ್ತು.

ಗ್ಯಾರಿ ಕೂಪರ್ ಕುದುರೆ ಸವಾರಿಯ ಸಾಹಸಗಳಿಂದ ಆರಂಭಿಸಿ, 1929ರ 'ದಿ ವರ್ಜಿನಿಯನ್' ಹೊತ್ತಿಗೆ ನಾಯಕರಾಗಿದ್ದರು. ಕ್ಲಿಂಟ್ ಈಸ್ಟ್‌ವುಡ್ ಅವರ ಆರಂಭವೋ ಇನ್ನೂ ತಮಾಷೆಯದು: 1955ರ 'ರಿವೆಂಜ್ ಆಫ್ ದಿ ಕ್ರೀಚರ್' ಎಂಬ ಭಯಾನಕ ಚಿತ್ರದಲ್ಲಿ, ಕಳೆದುಹೋದ ಇಲಿಯನ್ನು ತನ್ನದೇ ಜೇಬಿನಲ್ಲಿ ಕಂಡುಕೊಳ್ಳುವ ಪ್ರಯೋಗಾಲಯದ ಸಹಾಯಕನಾಗಿ ಅವರು ಬಂದುಹೋಗುತ್ತಾರೆ.